ಹುಲ್ಲಿನ ಕೆಳಗಿನ ನಾಣ್ಯಗಳು

ಹೂತಿಟ್ಟ ನಿಧಿಯ ಮಾತು ಬಂದರೆ ನಮ್ಮ ಹಳ್ಳಿಗಳಲ್ಲಿ ಅಂಜನದ ಮಾತೂ ಬರುವುದುಂಟು. ಅಂಗೈಗೆ ಕಪ್ಪು ಬಳಿದು, ದೀಪ ಹಚ್ಚಿ, ಎಳೆಯ ಮಗುವೊಂದನ್ನು ಕೂರಿಸಿ, 'ಏನು ಕಾಣುತ್ತದೆ ಹೇಳು' ಎಂದು ಕೇಳುವ ಆ ವಿಧಾನದಿಂದ ಯಾರಿಗೆ ಎಷ್ಟು ಕೊಪ್ಪರಿಗೆ ದೊರೆಯಿತೋ ಬಲ್ಲವರಿಲ್ಲ. ಆದರೆ ನೆಲದೊಳಗೆ ಏನಿದೆ ಎಂಬುದನ್ನು ಅಗೆಯದೆ ಅರಿಯಬೇಕೆಂಬ ಆಸೆ ಮಾತ್ರ ಎಲ್ಲ ದೇಶಗಳ ಜನರಿಗೂ ಇದ್ದದ್ದೇ. ಈ ಆಸೆಯನ್ನು ಭೌತವಿಜ್ಞಾನದ ನೆರವಿನಿಂದ ಬಹುಮಟ್ಟಿಗೆ ಈಡೇರಿಸಿಕೊಟ್ಟ ಯಂತ್ರವೇ ಲೋಹಶೋಧಕ. ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಇದನ್ನು ಹಿಡಿದು ಹಳೆಯ ನಾಣ್ಯಗಳನ್ನು ಹುಡುಕುವುದು ಸಾವಿರಾರು ಜನರ ಬಿಡುವಿನ ಹವ್ಯಾಸವಾಗಿದೆ. ಈ ಹವ್ಯಾಸವೆಂಥದು, ಯಂತ್ರ ಹೇಗೆ ಕೆಲಸ ಮಾಡುತ್ತದೆ, ಇದರಿಂದ ಚರಿತ್ರೆಗೆ ಲಾಭವೋ ನಷ್ಟವೋ ಎಂಬುದನ್ನು ಈ ಲೇಖನದಲ್ಲಿ ಸ್ವಲ್ಪ ವಿಚಾರ ಮಾಡೋಣ.

ಆ ದೇಶಗಳ ಊರುಗಳಲ್ಲಿ ಭಾನುವಾರ ಬೆಳಗ್ಗೆ ಇಂಥ ಒಂದು ದೃಶ್ಯವನ್ನು ಕಾಣಬಹುದು. ಒಬ್ಬಾತ ಉದ್ದನೆಯ ಕೋಲಿನ ತುದಿಗೆ ತಟ್ಟೆಯಂಥ ವಸ್ತುವನ್ನು ಸಿಕ್ಕಿಸಿಕೊಂಡು, ಅದನ್ನು ನೆಲಕ್ಕೆ ತಾಕೀತು ತಾಕದೆಂಬಷ್ಟು ಹತ್ತಿರದಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತ ಹುಲ್ಲಿನ ಮೇಲೆ ಮೆಲ್ಲಗೆ ನಡೆಯುತ್ತಿರುತ್ತಾನೆ. ಕಿವಿಗೆ ಹೆಡ್‌ಫೋನು ಇರುತ್ತದೆ. ಇದ್ದಕ್ಕಿದ್ದಂತೆ ನಿಂತು, ಮಂಡಿಯೂರಿ, ಸಣ್ಣ ಕೈಗುದ್ದಲಿಯಿಂದ ಒಂದು ಹಿಡಿ ಮಣ್ಣನ್ನು ಎತ್ತುತ್ತಾನೆ. ಹತ್ತು ಸಲಕ್ಕೆ ಒಂಬತ್ತು ಸಲ ಆತನಿಗೆ ದೊರೆಯುವುದು ಸೀಸೆಯ ಮುಚ್ಚಳ, ಮೊಳೆ, ಸಿಗರೇಟು ಪೊಟ್ಟಣದ ತಗಡು. ಹತ್ತನೆಯ ಸಲ ಒಂದು ನಾಣ್ಯ.

ಸಾರ್ವಜನಿಕ ಉದ್ಯಾನವನ್ನೇ ಏಕೆ ಆರಿಸಿಕೊಳ್ಳಬೇಕು ಎಂದು ಕೇಳಬಹುದು. ಜನ ಕುಳಿತು ಏಳುವ ಜಾಗದಲ್ಲಿ ನಾಣ್ಯ ಜಾರುತ್ತದೆ. ಇಂಗ್ಲೆಂಡಿನ ಬರ್ಕನ್‌ಹೆಡ್ ಊರಿನಲ್ಲಿ ಸಾರ್ವಜನಿಕರ ಹಣದಿಂದ ನಿರ್ಮಿಸಿದ ಉದ್ಯಾನ 1847ರಲ್ಲಿ ತೆರೆಯಿತು. ಆಮೇಲೆ ಎಷ್ಟೋ ಕೈಗಾರಿಕಾ ನಗರಗಳು ಅದೇ ದಾರಿ ಹಿಡಿದವು. ನೂರೈವತ್ತು ವರ್ಷಗಳಿಂದ ಅಲ್ಲಿ ಜನ ಬುತ್ತಿ ಬಿಚ್ಚಿದ್ದಾರೆ, ಮಕ್ಕಳು ಉರುಳಾಡಿದ್ದಾರೆ, ಕೋಟನ್ನು ಹುಲ್ಲಿನ ಮೇಲೆ ಹಾಸಿದ್ದಾರೆ. ಹೊಲವನ್ನು ಉಳುತ್ತಾರೆ, ಬೀದಿಗೆ ಕಲ್ಲು ಹಾಸುತ್ತಾರೆ. ಉದ್ಯಾನದ ಹುಲ್ಲುಗಾವಲು ಮಾತ್ರ ಹಾಗೆಯೇ ಉಳಿದಿರುತ್ತದೆ. ಹಳೆಯ ವಾದ್ಯಮಂಟಪದ ಸುತ್ತ, ದೊಡ್ಡ ಮರದ ನೆರಳಿನಲ್ಲಿ, ಇಳಿಜಾರಿನ ದಿಣ್ಣೆಯ ಬುಡದಲ್ಲಿ ನಾಣ್ಯಗಳು ಹೆಚ್ಚಾಗಿರುವುದು ಇದೇ ಕಾರಣದಿಂದ.

ಅವು ಬೆಳ್ಳಿಯವಾಗಿದ್ದರೆ ಹುಡುಕುವವನ ಸಂತೋಷಕ್ಕೆ ಪಾರವಿಲ್ಲ. ಬ್ರಿಟನ್ನಿನ ಬೆಳ್ಳಿ ನಾಣ್ಯಗಳಲ್ಲಿ 1920ರವರೆಗೆ ನೂರಕ್ಕೆ ತೊಂಬತ್ತೆರಡೂವರೆ ಭಾಗ ಬೆಳ್ಳಿ ಇರುತ್ತಿತ್ತು; ಆ ವರ್ಷ ಅದನ್ನು ಅರ್ಧಕ್ಕಿಳಿಸಿದರು; 1947ರಿಂದ ಬಳಕೆಯ ನಾಣ್ಯಗಳಲ್ಲಿ ಬೆಳ್ಳಿಯೇ ಇಲ್ಲವಾಯಿತು. ಅಮೆರಿಕದ ಹತ್ತು ಸೆಂಟಿನ ಮತ್ತು ಕಾಲು ಡಾಲರಿನ ನಾಣ್ಯಗಳಲ್ಲಿ 1964ರ ಮುದ್ರೆಯವರೆಗೆ ನೂರಕ್ಕೆ ತೊಂಬತ್ತು ಭಾಗ ಬೆಳ್ಳಿಯಿತ್ತು. ನಮ್ಮ ರೂಪಾಯಿಯೂ ಇದೇ ದಾರಿಯಲ್ಲಿ ನಡೆದು, 1940ರಲ್ಲಿ ಅರ್ಧ ಬೆಳ್ಳಿಗೆ ಇಳಿದು, ಕೆಲವೇ ವರ್ಷಗಳಲ್ಲಿ ನಿಕಲ್ ನಾಣ್ಯವಾಯಿತು. ಹೀಗೆ ಒಂದು ನಾಣ್ಯದ ಲೋಹವೇ ಅದರ ಕಾಲದ ಹಣಕಾಸಿನ ಕಥೆಯನ್ನು ಹೇಳುತ್ತದೆ.

ಹುಲ್ಲಿನ ಮೇಲೆ ಬಿದ್ದ ನಾಣ್ಯ ನೆಲದೊಳಕ್ಕೆ ಇಳಿಯುವುದಾದರೂ ಹೇಗೆ? ಇದಕ್ಕೆ ಉತ್ತರ ಹೇಳಿದವನು ಚಾರ್ಲ್ಸ್ ಡಾರ್ವಿನ್. ಜೀವವಿಕಾಸದ ತತ್ತ್ವದಿಂದ ಜಗತ್ಪ್ರಸಿದ್ಧನಾದ ಈ ಮಹನೀಯ ತನ್ನ ಕಡೆಯ ಗ್ರಂಥವನ್ನು ಬರೆದದ್ದು ಎರೆಹುಳುಗಳನ್ನು ಕುರಿತು. ಅದು ಪ್ರಕಟವಾದದ್ದು 1881ರಲ್ಲಿ. ಆತ ತನ್ನ ಮನೆಯ ಬಳಿಯ ಹುಲ್ಲುಗಾವಲೊಂದರ ಮೇಲೆ 1842ರಲ್ಲಿ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ ಸುಮ್ಮನಾದ. ಇಪ್ಪತ್ತೊಂಬತ್ತು ವರ್ಷ ಕಾದು 1871ರಲ್ಲಿ ಅಲ್ಲಿ ಕಾಲುವೆ ತೋಡಿಸಿ ನೋಡಿದಾಗ, ಆ ಬಿಳಿಯ ಚೂರುಗಳು ಏಳು ಅಂಗುಲ ಕೆಳಗೆ ಒಂದೇ ಗೆರೆಯಾಗಿ ನಿಂತಿದ್ದವು. ಎರೆಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲೆ ತಂದು ಹಿಕ್ಕೆಯಾಗಿ ಹಾಕುತ್ತವೆ. ಮೇಲಿದ್ದ ವಸ್ತು ನಿಂತಲ್ಲೇ ನಿಂತು ಕ್ರಮೇಣ ಮುಚ್ಚಿಹೋಗುತ್ತದೆ. ರೋಮನ್ನರ ಕಟ್ಟಡಗಳ ನೆಲಗಟ್ಟುಗಳು ಇಂಗ್ಲೆಂಡಿನ ಹೊಲಗಳ ಕೆಳಗೆ ಹಾಳಾಗದೆ ಉಳಿದಿರುವುದಕ್ಕೂ ಈ ಬಡ ಪ್ರಾಣಿಯ ದುಡಿಮೆ ಒಂದು ಕಾರಣವೆಂದು ಡಾರ್ವಿನ್ ತೋರಿಸಿಕೊಟ್ಟ. ಆದ್ದರಿಂದ ಹಾಳುಗೆಡವದ ನೆಲದಲ್ಲಿ ಆಳವೆಂದರೆ ಕಾಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ನಮಗೆ ಮುಖ್ಯವಾಗುತ್ತದೆ.

ಇನ್ನು ಯಂತ್ರದ ವಿಚಾರ. ಇದರ ಮೂಲತತ್ತ್ವ ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆ. ಕೋಲಿನ ತುದಿಯ ತಟ್ಟೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಮೊದಲನೆಯದರಲ್ಲಿ ಸೆಕೆಂಡಿಗೆ ಕೆಲವು ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುತ್ತದೆ. ಇದರಿಂದ ಕೆಳಗಿನ ನೆಲದಲ್ಲಿ ಸದಾ ಬದಲಾಗುತ್ತಿರುವ ಕಾಂತಕ್ಷೇತ್ರವೊಂದು ಹರಡಿಕೊಳ್ಳುತ್ತದೆ. ಆ ಕ್ಷೇತ್ರದೊಳಗೆ ಲೋಹದ ತುಂಡು ಸಿಕ್ಕಿದರೆ ಅದರ ಮೈಯಲ್ಲಿ ನೀರಿನ ಸುಳಿಯಂತೆ ಸುತ್ತುವ ವಿದ್ಯುತ್ಪ್ರವಾಹ ಹುಟ್ಟುತ್ತದೆ. ಈ ಸುಳಿಪ್ರವಾಹವೂ ತನ್ನದೇ ಆದ ಕಾಂತಕ್ಷೇತ್ರವನ್ನು ಹೊರಸೂಸುತ್ತದೆ. ಎರಡನೆಯ ಸುರುಳಿಯನ್ನು ಎಷ್ಟು ಜಾಣತನದಿಂದ ಜೋಡಿಸಿರುತ್ತಾರೆಂದರೆ, ಮೊದಲನೆಯ ಸುರುಳಿಯ ಸದ್ದು ಅದಕ್ಕೆ ಕೇಳಿಸುವುದೇ ಇಲ್ಲ. ಲೋಹ ಕೊಟ್ಟ ಮರುದನಿ ಮಾತ್ರ ಕೇಳಿಸುತ್ತದೆ. ಆ ಮರುದನಿಯೇ ಹೆಡ್‌ಫೋನಿನಲ್ಲಿ ಕೂಗಾಗಿ ಬರುತ್ತದೆ.

ಸಿಕ್ಕಿದ್ದು ಮೊಳೆಯೋ ನಾಣ್ಯವೋ ಎಂಬುದನ್ನು ತಿಳಿಯುವುದು ಇನ್ನೊಂದು ಚಮತ್ಕಾರ. ಕಂಚಿನ ಗಂಟೆಯನ್ನು ಬಾರಿಸಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ತಗಡಿನ ಡಬ್ಬಿಯನ್ನು ತಟ್ಟಿದರೆ ಕೂಡಲೆ ಅಡಗುತ್ತದೆ. ಹಾಗೆಯೇ ಬೆಳ್ಳಿ, ತಾಮ್ರಗಳಂಥ ಒಳ್ಳೆಯ ವಾಹಕಗಳಲ್ಲಿ ಸುಳಿಪ್ರವಾಹ ತಡವಾಗಿ ನಂದುತ್ತದೆ. ತೆಳುವಾದ ತಗಡಿನಲ್ಲಿ ಬೇಗ ನಂದುತ್ತದೆ. ಕಬ್ಬಿಣವಾದರೋ ಕಾಂತಕ್ಷೇತ್ರವನ್ನೇ ತನ್ನತ್ತ ಸೆಳೆಯುವುದರಿಂದ ಅದರ ಉತ್ತರವೇ ಬೇರೆ. ಯಂತ್ರ ಈ ವ್ಯತ್ಯಾಸವನ್ನು ಅಳೆದು ಬೇರೆಬೇರೆ ಸ್ವರದಲ್ಲಿ ತಿಳಿಸುತ್ತದೆ. ಆದರೂ ಅದು ಸರ್ವಜ್ಞವಲ್ಲ. ಪಾನೀಯದ ಡಬ್ಬಿಗಳಿಂದ ಹಿಂದೆ ಕಿತ್ತೆಸೆಯುತ್ತಿದ್ದ ಅಲ್ಯೂಮಿನಿಯಂ ಕೊಂಡಿಗೂ ಚಿನ್ನದ ಉಂಗುರಕ್ಕೂ ಅನೇಕ ವೇಳೆ ಒಂದೇ ಸ್ವರ ಬರುತ್ತದೆ. ಕೊಂಡಿಯೆಂದು ಬಿಟ್ಟವನು ಉಂಗುರವನ್ನೂ ಬಿಟ್ಟಂತೆಯೇ. ಆಳದ ಮಿತಿಯೂ ಉಂಟು. ಸುರುಳಿಯ ಅಗಲವನ್ನು ಮೀರಿದ ಆಳದಲ್ಲಿ, ದೂರ ಎರಡು ಪಟ್ಟಾದರೆ ಮರುದನಿಯ ಬಲ ಸುಮಾರು ಅರವತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. ಆದ್ದರಿಂದ ಒಂಟಿ ನಾಣ್ಯ ಒಂದು ಗೇಣಿನ ಆಳದಲ್ಲಿದ್ದರೆ ಸಾಮಾನ್ಯ ಯಂತ್ರಕ್ಕೆ ಅದೇ ಹೆಚ್ಚು.

ಇಂಥ ಯಂತ್ರ ಮೊದಲು ಹುಟ್ಟಿದ್ದು ನಿಧಿಗಾಗಿ ಅಲ್ಲ, ಒಂದು ಜೀವವನ್ನು ಉಳಿಸುವುದಕ್ಕಾಗಿ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡನ ಮೇಲೆ ಗುಂಡು ಹಾರಿತು. ಮೈಯಲ್ಲಿ ಹುದುಗಿದ್ದ ಗುಂಡು ಎಲ್ಲಿದೆಯೆಂದು ವೈದ್ಯರಿಗೆ ತಿಳಿಯಲಿಲ್ಲ. ಕ್ಷಕಿರಣ ಇನ್ನೂ ಬಂದಿರಲಿಲ್ಲ. ಟೆಲಿಫೋನನ್ನು ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ತರಾತುರಿಯಿಂದ ಒಂದು ಶೋಧಕವನ್ನು ರಚಿಸಿ ರೋಗಿಯ ಮೇಲೆ ಪ್ರಯೋಗಿಸಿದ. ಆದರೆ ಹಾಸಿಗೆಯಲ್ಲಿ ಉಕ್ಕಿನ ಸುರುಳಿಗಳಿದ್ದವು. ಮುಖ್ಯ ವೈದ್ಯ ಬಲಗಡೆಯಲ್ಲಿ ಮಾತ್ರ ಹುಡುಕಗೊಟ್ಟ. ಗುಂಡು ಇದ್ದದ್ದು ಎಡಗಡೆ. ಅಧ್ಯಕ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಡಾರ್ವಿನ್ನನ ಎರೆಹುಳುವಿನ ಪುಸ್ತಕ ಹೊರಬಂದದ್ದೂ ಇದೇ ವರ್ಷದಲ್ಲಿ ಎಂಬುದು ಒಂದು ಆಕಸ್ಮಿಕ. ಎರಡನೆಯ ಮಹಾಯುದ್ಧದ ಕಾಲಕ್ಕೆ ಪೋಲೆಂಡಿನ ಸೇನಾಧಿಕಾರಿ ಯೋಜೆಫ್ ಕೊಸಾಟ್ಸ್‌ಕಿ ಎಂಬಾತ ನೆಲಬಾಂಬುಗಳನ್ನು ಪತ್ತೆಹಚ್ಚುವ ಶೋಧಕವನ್ನು ನಿರ್ಮಿಸಿ, ಪ್ರತಿಫಲ ಬಯಸದೆ ಬ್ರಿಟಿಷ್ ಸೈನ್ಯಕ್ಕೆ ಒಪ್ಪಿಸಿದ. 1942ರಲ್ಲಿ ಎಲ್ ಅಲಮೇನಿನ ಮರಳುಗಾಡಿನಲ್ಲಿ ಅದು ಸೈನಿಕರಿಗೆ ದಾರಿ ಮಾಡಿಕೊಟ್ಟಿತು. ಯುದ್ಧ ಮುಗಿದ ಮೇಲೆ ಸೈನ್ಯದ ಹಳೆಯ ಶೋಧಕಗಳು ಅಗ್ಗವಾಗಿ ಮಾರಾಟವಾದವು. ಸಾಮಾನ್ಯ ಜನರ ಕೈಗೆ ಯಂತ್ರ ಬಂದದ್ದು ಹೀಗೆ.

ಹವ್ಯಾಸಿಗಳಲ್ಲಿ ಮರ್ಯಾದಸ್ಥರಾದವರು ತಮಗೆ ತಾವೇ ಕೆಲವು ಕಟ್ಟುಪಾಡುಗಳನ್ನು ಹಾಕಿಕೊಂಡಿದ್ದಾರೆ. ನೆಲದ ಒಡೆಯನ ಅನುಮತಿಯಿಲ್ಲದೆ ಕಾಲಿಡಬಾರದು. ಹುಲ್ಲಿನ ಹೆಂಟೆಯನ್ನು ಮೂರು ಕಡೆ ಮಾತ್ರ ಕತ್ತರಿಸಿ, ಬಾಗಿಲಿನಂತೆ ಮಗುಚಿ, ವಸ್ತುವನ್ನು ತೆಗೆದ ಮೇಲೆ ಮೊದಲಿನಂತೆ ಮುಚ್ಚಬೇಕು. ದೊರೆತ ಕಸವನ್ನು ಅಲ್ಲೇ ಬಿಸಾಡದೆ ಒಯ್ಯಬೇಕು. ನಾಣ್ಯ ಸಿಕ್ಕಿದರೆ ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕುವ ನಮ್ಮ ಪಾತ್ರೆಯ ಉಪಚಾರವನ್ನು ಅದಕ್ಕೆ ಮಾಡಕೂಡದು. ಉಜ್ಜಿದರೆ ಮುದ್ರೆಯ ಅಕ್ಷರವೂ ಅಳಿಯುತ್ತದೆ, ಬೆಲೆಯೂ ಅಳಿಯುತ್ತದೆ.

ಕಟ್ಟುಪಾಡುಗಳು ಸಾಲದೆಡೆ ಕಾನೂನು ಬರುತ್ತದೆ. ಸಾರ್ವಜನಿಕ ಉದ್ಯಾನವೆಂದರೆ ಯಾರು ಬೇಕಾದರೂ ಅಗೆಯಬಹುದಾದ ನೆಲವಲ್ಲ. ಅದಕ್ಕೆ ಒಡೆಯರು ನಗರಸಭೆಯವರು. ಲಂಡನ್ನಿನ ಹೈಡ್ ಪಾರ್ಕ್ ಮೊದಲಾದ ರಾಜೋದ್ಯಾನಗಳಲ್ಲಿ ಲೋಹಶೋಧಕವನ್ನು ಬಳಸುವುದು ನಿಷಿದ್ಧ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿಯೂ ನಿಷಿದ್ಧ. ಅಲ್ಲಿನ ಎಷ್ಟೋ ಊರುಗಳಲ್ಲಿ ಮೊದಲು ಅನುಮತಿ ಪತ್ರ ಪಡೆಯಬೇಕು. ಇಂಗ್ಲೆಂಡಿನಲ್ಲಿ 1996ರ ನಿಧಿ ಕಾಯಿದೆಯ ಪ್ರಕಾರ, ಮುನ್ನೂರು ವರ್ಷ ಮೀರಿದ ಚಿನ್ನ ಬೆಳ್ಳಿಯ ನಾಣ್ಯಗಳು ಒಂದೇ ಕಡೆ ಎರಡಾದರೂ ದೊರೆತರೆ, ಹದಿನಾಲ್ಕು ದಿನಗಳೊಳಗೆ ಕರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ವಸ್ತು ಸಂಗ್ರಹಾಲಯಕ್ಕೆ ಹೋದರೆ ತಕ್ಕ ಬೆಲೆಯನ್ನು ಸಾಮಾನ್ಯವಾಗಿ ಕಂಡುಹಿಡಿದವನಿಗೂ ನೆಲದ ಒಡೆಯನಿಗೂ ಹಂಚಿಕೊಡುತ್ತಾರೆ. ನಿಧಿಯೆನಿಸದ ಸಣ್ಣಪುಟ್ಟ ವಸ್ತುಗಳನ್ನೂ ದಾಖಲು ಮಾಡುವ ಯೋಜನೆಯೊಂದು 1997ರಲ್ಲಿ ಪ್ರಾರಂಭವಾಗಿ, ಹದಿನೈದು ಲಕ್ಷಕ್ಕೂ ಮಿಕ್ಕ ವಸ್ತುಗಳನ್ನು ಪಟ್ಟಿಮಾಡಿದೆ.

ಇಷ್ಟೆಲ್ಲ ಬಿಗಿ ಏಕೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. 1992ರ ನವೆಂಬರಿನಲ್ಲಿ ಸಫೋಕ್ ಪ್ರಾಂತದ ಹಾಕ್ಸ್ನ್ ಎಂಬ ಹಳ್ಳಿಯಲ್ಲಿ ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅದನ್ನು ಹುಡುಕಿಕೊಡಲು ಸ್ನೇಹಿತ ಎರಿಕ್ ಲಾಸ್ ತನ್ನ ಶೋಧಕವನ್ನು ತಂದ. ಯಂತ್ರ ಕೂಗಿತು, ಅಗೆದರೆ ರೋಮನ್ನರ ನಾಣ್ಯಗಳು, ಚಿನ್ನದ ಸರ, ಬೆಳ್ಳಿಯ ಚಮಚಗಳು! ಆತ ಮಾಡಿದ ಬಹು ದೊಡ್ಡ ಕೆಲಸವೆಂದರೆ ಅಗೆಯುವುದನ್ನು ನಿಲ್ಲಿಸಿದ್ದು. ಸುದ್ದಿ ಮುಟ್ಟಿದ ಮರುದಿನವೇ ಪ್ರಾಕ್ತನ ಶಾಸ್ತ್ರಜ್ಞರು ಬಂದು ಮಿಕ್ಕದ್ದನ್ನು ಕ್ರಮವಾಗಿ ಬಿಡಿಸಿದರು. ಮರದ ಪೆಟ್ಟಿಗೆ ಕೊಳೆತುಹೋಗಿದ್ದರೂ ಒಳಗೆ ಯಾವ ವಸ್ತು ಯಾವುದರ ಪಕ್ಕದಲ್ಲಿತ್ತೆಂಬುದು ತಿಳಿಯಿತು. ಸುಮಾರು 15,000 ನಾಣ್ಯಗಳು ದೊರೆತವು. ಬೆಳ್ಳಿಯ ನಾಣ್ಯಗಳಲ್ಲಿ ಬಹುಪಾಲು ಅಂಚು ಕತ್ತರಿಸಿದವು. ರೋಮಿನಿಂದ ಹೊಸ ಹಣ ಬರುವುದು ನಿಂತ ಕಾಲದಲ್ಲಿ ಜನ ಅಂಚಿನ ಬೆಳ್ಳಿಯನ್ನು ಕತ್ತರಿಸಿಕೊಂಡು ದಿನ ದೂಡಿದ ಕಥೆಯನ್ನು ಅವು ಹೇಳಿದವು. ಆ ನಿಧಿಯಲ್ಲಿ ಮೆಣಸಿನ ಪುಡಿ ಉದುರಿಸುವ ನಾಲ್ಕು ಬೆಳ್ಳಿಯ ಪಾತ್ರೆಗಳೂ ಇದ್ದವು. ಕರಿಮೆಣಸು ರೋಮನ್ ಸಾಮ್ರಾಜ್ಯಕ್ಕೆ ಹೋಗುತ್ತಿದ್ದುದು ನಮ್ಮ ದಕ್ಷಿಣ ಭಾರತದ ಪಡುವಣ ಕರಾವಳಿಯಿಂದ ಎಂಬುದನ್ನು ನೆನೆದರೆ, ಆ ದೂರದ ಹೊಲವೂ ನಮಗೆ ನೆರೆಯದೆನಿಸುತ್ತದೆ. ಕಳೆದುಹೋಗಿದ್ದ ಸುತ್ತಿಗೆಯೂ ಸಿಕ್ಕಿ, ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿತು.

ಎರಡನೆಯ ನಿದರ್ಶನ ದುಃಖದ್ದು. 2015ರಲ್ಲಿ ಲೆಮ್‌ಸ್ಟರ್ ಎಂಬ ಊರಿನ ಬಳಿ ಇಬ್ಬರಿಗೆ ವೈಕಿಂಗರ ಕಾಲದ ನಿಧಿಯೊಂದು ದೊರೆಯಿತು. ಅವರು ಅದನ್ನು ಸರಿಯಾಗಿ ವರದಿ ಮಾಡದೆ ಗುಟ್ಟಾಗಿ ಮಾರತೊಡಗಿದರು. ಅದರಲ್ಲಿ ಸುಮಾರು 300 ನಾಣ್ಯಗಳಿದ್ದವೆಂದು ಅಂದಾಜು. 2019ರಲ್ಲಿ ಅವರಿಗೆ ಸೆರೆಮನೆಯ ಶಿಕ್ಷೆಯಾಗುವ ಹೊತ್ತಿಗೆ ಕೈಗೆ ಬಂದಿದ್ದವು ಮೂವತ್ತರ ಆಸುಪಾಸು ಮಾತ್ರ. ಅವುಗಳಲ್ಲಿ ಕೆಲವು ವೆಸೆಕ್ಸಿನ ಆಲ್‌ಫ್ರೆಡ್ ದೊರೆಯವು, ಕೆಲವು ಮರ್ಸಿಯದ ಕೆಯೋಲ್‌ವುಲ್ಫ್ ದೊರೆಯವು. ಇಬ್ಬರೂ ಒಂದೇ ಮಾದರಿಯ ನಾಣ್ಯಗಳನ್ನು ಟಂಕಿಸಿದ್ದರು. ಇಬ್ಬರು ಚಕ್ರವರ್ತಿಗಳು ಅಕ್ಕಪಕ್ಕ ಕುಳಿತಿರುವ ಚಿತ್ರ ಅವುಗಳ ಮೇಲಿದೆ. ಆಲ್‌ಫ್ರೆಡನ ಕಡೆಯವರು ಬರೆದ ಚರಿತ್ರೆ ಕೆಯೋಲ್‌ವುಲ್ಫನನ್ನು ಕೈಗೊಂಬೆಯೆಂದು ಹೀಯಾಳಿಸಿದೆ. ನಾಣ್ಯಗಳಾದರೋ ಇಬ್ಬರೂ ಸರಿಸಮಾನ ಮಿತ್ರರಾಗಿದ್ದರೆಂದು ಸಾಕ್ಷಿ ನುಡಿಯುತ್ತವೆ. ಗೆದ್ದವರು ಬರೆದ ಚರಿತ್ರೆಯನ್ನು ತಿದ್ದಬಲ್ಲ ಸಾಕ್ಷಿಯ ಬಹುಪಾಲು ಹಣದಾಸೆಗೆ ಚೆಲ್ಲಾಪಿಲ್ಲಿಯಾಯಿತು. ಕಳೆದದ್ದು ಬೆಳ್ಳಿಯಲ್ಲ, ಸಾಕ್ಷ್ಯ.

ಇಲ್ಲಿ ಹವ್ಯಾಸಿಗಳ ವಾದವನ್ನೂ ಕೇಳುವುದು ನ್ಯಾಯ. "ಉತ್ತ ಹೊಲದಲ್ಲಿ ನಾಣ್ಯ ಹೇಗಿದ್ದರೂ ನೇಗಿಲಿಗೂ ಗೊಬ್ಬರಕ್ಕೂ ಸಿಕ್ಕಿ ಹಾಳಾಗುತ್ತದೆ, ನಾವು ತೆಗೆಯದಿದ್ದರೆ ಯಾರಿಗೂ ದೊರೆಯುವುದಿಲ್ಲ" ಎಂಬುದು ಅವರ ವಾದ. ಉತ್ತ ಹೊಲದ ಮೇಲ್ಮಣ್ಣಿನ ಮಟ್ಟಿಗೆ ಇದು ನಿಜವೆಂದು ಅನೇಕ ವಿದ್ವಾಂಸರೂ ಒಪ್ಪಿದ್ದಾರೆ. ಆದರೆ ಉಳದೆ ಬಿಟ್ಟ ಹುಲ್ಲುಗಾವಲಿಗೂ ಹಳೆಯ ಉದ್ಯಾನಕ್ಕೂ ಈ ವಾದ ಅನ್ವಯಿಸುವುದಿಲ್ಲ. ಅಲ್ಲಿ ಪದರ ಪದರವಾಗಿ ಕಾಲವೇ ಮಲಗಿದೆ. ಒಂದು ರಂಧ್ರ ತೋಡಿದರೆ ಪುಸ್ತಕದ ನಡುವಿನ ಹಾಳೆ ಹರಿದಂತೆ.

ಪದರದ ಬೆಲೆಯೇನೆಂಬುದನ್ನು ತಿಳಿಯಲು ನಾವು ಸಮುದ್ರ ದಾಟಬೇಕಾಗಿಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೋಮನ್ನರ ಬೆಳ್ಳಿ ನಾಣ್ಯಗಳ ರಾಶಿಯೊಂದು ದೊರೆಯಿತು. ಅದರಿಂದ ರೋಮಿನ ಹಣ ಇಲ್ಲಿಯವರೆಗೆ ಬಂದಿತ್ತೆಂದು ತಿಳಿಯಿತು. ಆದರೆ ಅದನ್ನು ಹೂತವರಾರು, ಅವರು ಯಾವ ಮಡಕೆಯಲ್ಲಿ ಉಂಡರು, ಎಂಥ ಮನೆಯಲ್ಲಿದ್ದರು ಎಂಬುದನ್ನು ಆ ರಾಶಿ ಹೇಳಲಾರದು. ಚಿತ್ರದುರ್ಗದ ಚಂದ್ರವಳ್ಳಿಯ ಕಥೆ ಬೇರೆ. ಮೊದಲು ಡಾ. ಎಂ. ಎಚ್. ಕೃಷ್ಣ ಅವರು, ಅನಂತರ 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಕ್ರಮಬದ್ಧವಾಗಿ ಉತ್ಖನನ ನಡೆಸಿದರು. ತಿಬೇರಿಯಸ್ ಚಕ್ರವರ್ತಿಯ ನಾಣ್ಯ ಶಾತವಾಹನರ ಕಾಲದ ಪದರದಲ್ಲಿ, ಅಲ್ಲಿನ ಮಡಕೆ ಚೂರುಗಳ ಜೊತೆಗೆ ದೊರೆಯಿತು. ತಿಬೇರಿಯಸ್ ಆಳಿದ ಕಾಲ ನಮಗೆ ಗೊತ್ತು. ಆದ್ದರಿಂದ ಆ ಪದರ ಅದಕ್ಕಿಂತ ಹಿಂದಿನದಾಗಿರಲಾರದು. ಮಡಕೆಯ ಮೇಲೆ ಇಸವಿ ಬರೆದಿರುವುದಿಲ್ಲ. ಪಕ್ಕದಲ್ಲಿ ಬಿದ್ದಿದ್ದ ನಾಣ್ಯ ಅದಕ್ಕೆ ಇಸವಿ ಕೊಟ್ಟಿತು. ಅದೇ ನಾಣ್ಯವನ್ನು ಯಾರೋ ಒಬ್ಬ ರಾತ್ರಿ ಬಂದು ಕಿತ್ತುಕೊಂಡು ಹೋಗಿದ್ದರೆ, ಅವನಿಗೆ ಕೆಲವು ಗ್ರಾಂ ಬೆಳ್ಳಿ ಸಿಗುತ್ತಿತ್ತು. ನಮಗೆ ಒಂದು ಶತಮಾನ ತಪ್ಪಿಹೋಗುತ್ತಿತ್ತು.

ನಮ್ಮ ನಾಡಿನಲ್ಲಿ ಈ ಮಾತು ಕೇವಲ ಊಹೆಯಲ್ಲ. ನಿಧಿಯ ಆಸೆಗೆ ಪಾಳುಗುಡಿಯ ಗರ್ಭಗೃಹವನ್ನು ಅಗೆದವರೂ, ಲಿಂಗವನ್ನು ಕಿತ್ತವರೂ, ವೀರಗಲ್ಲನ್ನು ಉರುಳಿಸಿದವರೂ ಉಂಟು. ಭಾರತದಲ್ಲಿ 1878ರಷ್ಟು ಹಿಂದೆಯೇ ನಿಧಿ ಕಾಯಿದೆ ಬಂದು, ನೆಲದಲ್ಲಿ ದೊರೆತ ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿತು. ನಮ್ಮ ರಾಜ್ಯಕ್ಕೆ 1962ರ ನಿಧಿ ಕಾಯಿದೆ ಇದೆ. 1972ರ ಪುರಾವಸ್ತು ಕಾಯಿದೆಯ ದೃಷ್ಟಿಯಲ್ಲಿ ನೂರು ವರ್ಷ ಮೀರಿದ ನಾಣ್ಯ ಪುರಾವಸ್ತುವೇ ಸರಿ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದಂತೂ ಅಪರಾಧ. ಯಂತ್ರ ಈಗ ದುಡ್ಡಿದ್ದವರಿಗೆಲ್ಲ ದೊರೆಯುತ್ತದೆ. ಅಂಜನದ ಕಾಲದಲ್ಲಿ ಕಾಣದ್ದು ಈಗ ಕಾಣುತ್ತದೆ. ಆದ್ದರಿಂದ ಅಪಾಯವೂ ಹೆಚ್ಚಿದೆ, ವಿದ್ಯಾವಂತರ ಹೊಣೆಯೂ ಹೆಚ್ಚಿದೆ.

ನಮ್ಮಲ್ಲಿ ಬಹುಪಾಲು ವಿದ್ಯಾರ್ಥಿಗಳು ಹಳ್ಳಿಗಳಿಂದ ಬಂದವರು. ಪಾಯ ತೋಡುವಾಗ, ಬಾವಿ ತೆಗೆಯುವಾಗ, ಮಳೆಗೆ ಗದ್ದೆಯ ಬದು ಕುಸಿದಾಗ ಹಳೆಯ ನಾಣ್ಯ ಕಾಣುವ ಸಂಭವ ನಮಗೆ ಪಟ್ಟಣದವರಿಗಿಂತ ಹೆಚ್ಚು. ಆಗ ಮಾಡಬೇಕಾದದ್ದು ಬಹಳವೇನಿಲ್ಲ. ಅಗೆಯುವುದನ್ನು ನಿಲ್ಲಿಸಬೇಕು, ಸಿಕ್ಕ ಜಾಗವನ್ನೂ ಆಳವನ್ನೂ ಗುರುತು ಹಾಕಿಕೊಳ್ಳಬೇಕು, ಜೊತೆಯಲ್ಲಿದ್ದ ಮಡಕೆ ಚೂರನ್ನು ಕಸವೆಂದು ಎಸೆಯಬಾರದು, ನಾಣ್ಯವನ್ನು ಉಜ್ಜಬಾರದು, ಅಕ್ಕಸಾಲಿಗನ ಕುಲುಮೆಗೆ ಒಯ್ಯಬಾರದು, ತಹಶೀಲ್ದಾರರಿಗೋ ಪುರಾತತ್ತ್ವ ಇಲಾಖೆಗೋ ತಿಳಿಸಬೇಕು. ಹೇಗೆಂದು ತಿಳಿಯದಿದ್ದರೆ ನಮ್ಮ ಚರಿತ್ರೆಯ ಅಧ್ಯಾಪಕರು ಹೇಳಿಕೊಡುತ್ತಾರೆ.

ಹೊಲದಲ್ಲಿ ಸುತ್ತಿಗೆ ಹುಡುಕಲು ಹೋದವನು ಚರಿತ್ರೆಕಾರನಾಗಿರಲಿಲ್ಲ. ಆದರೂ ಎಲ್ಲಿ ನಿಲ್ಲಿಸಬೇಕೆಂಬುದು ಅವನಿಗೆ ಗೊತ್ತಿತ್ತು. ಆ ಒಂದು ತಿಳಿವಳಿಕೆಯಿಂದ ಅವನಿಗೆ ಗೌರವವೂ ಬಂತು, ಧನವೂ ಬಂತು, ಲೋಕಕ್ಕೆ ಜ್ಞಾನವೂ ದೊರೆಯಿತು. ಯಂತ್ರ ನೆಲದೊಳಗಿನ ಲೋಹವನ್ನು ತೋರಿಸಬಲ್ಲುದು. ಅದನ್ನು ಹಣವೆಂದು ಕಾಣಬೇಕೋ ಸಾಕ್ಷಿಯೆಂದು ಕಾಣಬೇಕೋ ಎಂಬುದನ್ನು ತೋರಿಸಲಾರದು. ಅದು ನಮಗೆ ಬಿಟ್ಟ ಕೆಲಸ.